ಮೇ ತಿಂಗಳ ಸೆಕೆಯಲ್ಲಿ ಬೆಣ್ಣೆ ಕೇಕ್: ನಲವತ್ತು ಜನರಿಗೆ ಹಂಚಲು ಹೇಗೆ ಮಾಡುವುದು?

ಪ್ರಶ್ನೆ: ಅಂಬಲಪಾಡಿಯ ಗೃಹಿಣಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯ ಹಿರಿಯರೊಬ್ಬರು ಈ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಇಂತಹ ಸಂದರ್ಭಗಳಲ್ಲಿ ಬೇಕರಿಯಿಂದ ಕ್ರೀಮ್ ಕೇಕ್ ತರಿಸಿ, ಅದರ ಮೇಲೆ ಹೆಸರು ಬರೆಸಿ, ಕತ್ತರಿಸಿ ಹಂಚುವುದು ನಮ್ಮಲ್ಲಿ ರೂಢಿ. ಆದರೆ ಇವರು ಕ್ರೀಮ್ ಮುಟ್ಟುವವರಲ್ಲ. ಸಂಜೆಯ ಚಹಾಕ್ಕೆ ಸಾದಾ ಬೆಣ್ಣೆ ಕೇಕಿನ ಒಂದು ತುಂಡು ಸಿಕ್ಕಿದರೆ ಬೇರೇನನ್ನೂ ಕೇಳದ ಮನುಷ್ಯ. ಆದ್ದರಿಂದ ಈ ಸಲ ಬೆಣ್ಣೆಯಲ್ಲಿ ಜಿಪುಣತನ ಮಾಡದೆ ಮನೆಯಲ್ಲೇ ಕೇಕ್ ಮಾಡಿ ಒಯ್ಯಬೇಕೆಂದು ತೀರ್ಮಾನಿಸಿದ್ದೇನೆ. ಎಲ್ಲ ಸೇರಿ ಸುಮಾರು ನಲವತ್ತು ಜನರಿದ್ದೇವೆ. ಅವರಲ್ಲಿ ಏಳೆಂಟು ಮಂದಿ ಮೊಟ್ಟೆ ತಿನ್ನುವುದಿಲ್ಲ.

ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ನಾಲ್ಕನ್ನೂ ಸಮತೂಕದಲ್ಲಿ ಹಾಕುವ ಹಳೆಯ ಕ್ರಮ ನನಗೆ ಗೊತ್ತು. ಡಿಸೆಂಬರಿನಲ್ಲಿ ಮಾಡಿ ಅಭ್ಯಾಸವೂ ಇದೆ. ಸಂದೇಹವಿರುವುದು ಹವೆಯ ಬಗ್ಗೆ. ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಡಬೇಕೆಂದು ಎಲ್ಲ ಕಡೆಯೂ ಬರೆದಿರುತ್ತಾರೆ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಒಂದು ಗಂಟೆ ಇಟ್ಟ ಬೆಣ್ಣೆಯನ್ನು ಚಮಚದಲ್ಲಿ ತೆಗೆಯುವ ಹಾಗಿರುವುದಿಲ್ಲ, ಲೋಟಕ್ಕೆ ಬಗ್ಗಿಸಬೇಕಾಗುತ್ತದೆ. ಈ ಸೆಕೆಯಲ್ಲಿ ಬೆಣ್ಣೆಯ ಹದವನ್ನು ಹೇಗೆ ಕಾಪಾಡಿಕೊಳ್ಳುವುದು ಎಂಬುದು ನನ್ನ ಮುಖ್ಯ ಪ್ರಶ್ನೆ. ಜೊತೆಗೆ, ಹೆಬ್ರಿಯಲ್ಲಿರುವ ಅತ್ತೆಯವರು ತಮ್ಮ ಹಟ್ಟಿಯ ಹಸುವಿನ ಬೆಣ್ಣೆಯನ್ನು ಕಳುಹಿಸುತ್ತೇನೆ ಎಂದಿದ್ದಾರೆ. ಅದನ್ನು ಕೇಕಿಗೆ ಬಳಸಬಹುದೇ, ಅಥವಾ ಪ್ಯಾಕೆಟ್ ಬೆಣ್ಣೆಯೇ ಸರಿಯೇ? ಮೊಟ್ಟೆ ತಿನ್ನದವರಿಗೂ ಅದೇ ದಿನ ಅಷ್ಟೇ ಒಳ್ಳೆಯ ಕೇಕ್ ಕೊಡಲು ಏನು ಮಾಡಬೇಕು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬೆಂದೂರಿನ ಅಡುಗೆಮನೆ, ಮಂಗಳೂರು

ಅಂಬಲಪಾಡಿಯವರೇ, ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ. ನಾನು ಕ್ರಿಸ್ಮಸ್ ಹೊತ್ತಿಗೆ ಕುಸ್ವಾರಿನ (ಹಬ್ಬಕ್ಕೆ ಹಂಚುವ ಬಗೆಬಗೆಯ ತಿಂಡಿಗಳ) ಜೊತೆ ಕೇಕ್‌ಗಳನ್ನು ಮಾಡಿಕೊಡುವವಳು. ಉಳಿದ ತಿಂಗಳುಗಳಲ್ಲಿ ಹುಟ್ಟುಹಬ್ಬ, ರೋಸ್ (ಮದುವೆಗೆ ಮುಂಚಿನ ನಮ್ಮ ಶಾಸ್ತ್ರ), ಮದುವೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಡಿಸೆಂಬರಿನ ಕೇಕಿಗೂ ಮೇ ತಿಂಗಳ ಕೇಕಿಗೂ ಸಾಮಾನು ಒಂದೇ, ಅಳತೆ ಒಂದೇ. ಬದಲಾಗುವುದು ಬೆಣ್ಣೆಯ ತಾಪಮಾನ ಮಾತ್ರ, ಮತ್ತು ಕೇಕಿನ ಹಣೆಬರಹವನ್ನು ಬರೆಯುವುದೂ ಅದೇ.

ಸಮತೂಕದ ಈ ಕೇಕ್ ಇಂಗ್ಲೆಂಡಿನದು. ಅಲ್ಲಿ ಬೆಣ್ಣೆಯನ್ನು ಮೇಜಿನ ಮೇಲೆ ಒಂದು ಗಂಟೆ ಇಟ್ಟರೆ ಅದು 18ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಲ್ಲುತ್ತದೆ. ಸಕ್ಕರೆಯೊಡನೆ ಬೆರೆಸಿ ಬಡಿಯಲು ಬೇಕಾದ ಹದ ಅದೇ. ನಮ್ಮಲ್ಲಿ ಮೇ ತಿಂಗಳ ಬೆಳಗಿನ ಜಾವದಲ್ಲೂ ತಾಪಮಾನ 25ರ ಕೆಳಗೆ ಇಳಿಯುವುದು ಅಪರೂಪ, ಮಧ್ಯಾಹ್ನ 33 ದಾಟುತ್ತದೆ. ಆ ಹೊತ್ತಿಗೆ ಬೆಣ್ಣೆಯ ಕೊಬ್ಬು ಬಹುಪಾಲು ದ್ರವವಾಗಿರುತ್ತದೆ. ಇದರಿಂದ ಆಗುವ ನಷ್ಟವೇನು ಎಂದರೆ, ಬೆಣ್ಣೆಯನ್ನು ಸಕ್ಕರೆಯೊಡನೆ ಬಡಿಯುವಾಗ ಸಕ್ಕರೆಯ ಹರಳುಗಳ ಅಂಚು ಬೆಣ್ಣೆಯನ್ನು ಕೊರೆದುಕೊಂಡು ಹೋಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಅದರೊಳಗೆ ಸಿಕ್ಕಿಸುತ್ತದೆ. ಅರೆಗಟ್ಟಿ ಬೆಣ್ಣೆ ಮಾತ್ರ ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕರಗಿದ ಬೆಣ್ಣೆಯಿಂದ ಅವು ತಪ್ಪಿಸಿಕೊಳ್ಳುತ್ತವೆ. ಬೇಕಿಂಗ್ ಪೌಡರ್ ಹಾಕುತ್ತೇವಲ್ಲ ಎಂದು ಕೆಲವರು ಕೇಳುವುದುಂಟು. ಬೇಕಿಂಗ್ ಪೌಡರ್ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ. ಇರುವ ಗುಳ್ಳೆಗಳನ್ನು ಹಿಗ್ಗಿಸುತ್ತದೆ, ಅಷ್ಟೇ. ಆದ್ದರಿಂದ ಬಡಿಯುವ ಹಂತದಲ್ಲಿ ಗಾಳಿ ಸೇರದಿದ್ದರೆ ಆಮೇಲೆ ಯಾವ ಪುಡಿಯಿಂದಲೂ ಅದನ್ನು ತುಂಬಿಕೊಡಲು ಆಗುವುದಿಲ್ಲ. ಕೇಕಿನ ಬುಡದಲ್ಲಿ ಒದ್ದೆಯಾದ, ಅಂಟಂಟಾದ ಗೆರೆಯೊಂದು ಕಾಣಿಸಿದರೆ ಅದಕ್ಕೆ ಹೆಚ್ಚಾಗಿ ಇದೇ ಕಾರಣ.

ಹಾಗಾಗಿ ನಮ್ಮಲ್ಲಿ ಬೆಣ್ಣೆಯನ್ನು ಗಡಿಯಾರ ನೋಡಿ ಹೊರಗಿಡಬಾರದು, ಬೆರಳಿನಿಂದ ಒತ್ತಿ ನೋಡಬೇಕು. ಫ್ರಿಜ್‌ನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಅಡಿಕೆ ಗಾತ್ರದ ತುಂಡುಗಳಾಗಿ ಕತ್ತರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ. ಮೇ ತಿಂಗಳಲ್ಲಿ ಎಂಟರಿಂದ ಹತ್ತು ನಿಮಿಷ ಸಾಕು. ಬೆರಳಿನಿಂದ ಒತ್ತಿದಾಗ ಗುಳಿ ಬೀಳಬೇಕು, ಆದರೆ ಬೆರಳಿಗೆ ಎಣ್ಣೆಯ ಹೊಳಪು ಹತ್ತಬಾರದು. ಬಡಿಯುವ ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಮೊದಲೇ ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಸಕ್ಕರೆಯನ್ನು ಹಿಂದಿನ ರಾತ್ರಿಯೇ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಬೀಟರ್ ತಿರುಗುವಾಗ ತಿಕ್ಕಾಟದಿಂದಲೇ ಬಿಸಿ ಹುಟ್ಟುತ್ತದೆ ಎಂಬುದನ್ನು ಮರೆಯಬಾರದು. ತಣ್ಣನೆಯ ಸಕ್ಕರೆ ಆ ಬಿಸಿಯನ್ನು ನುಂಗಿಕೊಳ್ಳುತ್ತದೆ. ಇಷ್ಟಾದರೂ ಮಧ್ಯದಲ್ಲಿ ಬೆಣ್ಣೆ ಹೊಳೆಯತೊಡಗಿದರೆ ಬೀಟರ್ ನಿಲ್ಲಿಸಿ, ನಾಲ್ಕು ಐಸ್ ತುಂಡು ಹಾಕಿದ ನೀರಿನಲ್ಲಿ ಪಾತ್ರೆಯ ಬುಡವನ್ನು ಒಂದು ನಿಮಿಷ ಇಟ್ಟು, ಮತ್ತೆ ಮುಂದುವರಿಸಿ. ಹಳದಿ ಬಣ್ಣ ಮಾಸಿ ದಂತದ ಬಿಳುಪಿಗೆ ತಿರುಗಿ, ಪಾತ್ರೆಯಲ್ಲಿ ಅದರ ಮಟ್ಟ ಏರಿದ್ದು ಕಣ್ಣಿಗೆ ಕಂಡಾಗ ಈ ಕೆಲಸ ಮುಗಿಯಿತು.

ಸಕ್ಕರೆಯ ಬಗ್ಗೆಯೂ ಒಂದು ಮಾತು. ನಮ್ಮ ಅಂಗಡಿಗಳ ಸಕ್ಕರೆಯ ಹರಳು ದೊಡ್ಡದು, ಬೆಣ್ಣೆಯಲ್ಲಿ ಬೇಗ ಬೆರೆಯುವುದಿಲ್ಲ. ಹಾಗೆಂದು ಮಿಕ್ಸಿಯಲ್ಲಿ ಹಾಕಿ ನುಣ್ಣಗೆ ಹಿಟ್ಟು ಮಾಡಿದರೆ ಕೊರೆಯುವ ಅಂಚೇ ಉಳಿಯುವುದಿಲ್ಲ. ಮಿಕ್ಸಿಯನ್ನು ತಡೆತಡೆದು ಎರಡು ಮೂರು ಸಲ ತಿರುಗಿಸಿ ಚಿರೋಟಿ ರವೆಯ ಹದಕ್ಕೆ ತಂದರೆ ಸರಿಯಾಗುತ್ತದೆ.

ಮೊಟ್ಟೆಯ ವಿಷಯದಲ್ಲೂ ಪುಸ್ತಕದ ಮಾತು ನಮಗೆ ಪೂರ್ತಿ ಒಗ್ಗುವುದಿಲ್ಲ. ಫ್ರಿಜ್‌ನ ಮೊಟ್ಟೆಯನ್ನು ನೇರವಾಗಿ ಹಾಕಿದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ. ದಿನವಿಡೀ ಹೊರಗಿದ್ದ ಮೊಟ್ಟೆಯನ್ನು ಹಾಕಿದರೆ ಅದರ ಬಿಸಿಗೆ ಬೆಣ್ಣೆ ಸಡಿಲವಾಗುತ್ತದೆ. ಬೆಣ್ಣೆಯನ್ನು ಕತ್ತರಿಸುವ ಹೊತ್ತಿಗೆ ಮೊಟ್ಟೆಯನ್ನೂ ಫ್ರಿಜ್‌ನಿಂದ ಹೊರಗಿಟ್ಟರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹದಕ್ಕೆ ಬರುತ್ತವೆ. ಮೊಟ್ಟೆಯನ್ನು ಒಡೆದು ಗೊಟಾಯಿಸಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ಪ್ರತಿ ಸಲವೂ ಪೂರ್ತಿ ಬೆರೆತ ಮೇಲೆಯೇ ಮುಂದಿನದನ್ನು ಹಾಕಬೇಕು. ಕೊನೆಯ ಹಂತದಲ್ಲಿ ಮಿಶ್ರಣ ಒಡೆದಂತೆ ಕಂಡರೆ ಒಂದು ಚಮಚ ಮೈದಾ ಉದುರಿಸಿ. ನೀರಿನಂಶವನ್ನು ಅದು ಹೀರಿಕೊಂಡು ಮಿಶ್ರಣವನ್ನು ಕೂಡಿಸುತ್ತದೆ.

ಅಳತೆ ಹೀಗಿರಲಿ: ಬೆಣ್ಣೆ 250 ಗ್ರಾಂ, ಸಕ್ಕರೆ 225 ಗ್ರಾಂ, ಚಿಪ್ಪು ತೆಗೆದ ಮೊಟ್ಟೆ 250 ಗ್ರಾಂ, ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ವೆನಿಲ್ಲಾ ಎಸೆನ್ಸ್ ಒಂದು ಚಿಕ್ಕ ಚಮಚ. ಬೇಕಿಂಗ್ ಪೌಡರನ್ನು ಮೈದಾದೊಂದಿಗೆ ಎರಡು ಸಲ ಜರಡಿ ಹಿಡಿಯಿರಿ. ಸಕ್ಕರೆಯನ್ನು 200 ಗ್ರಾಂ ತನಕ ಇಳಿಸಬಹುದು. ಅದಕ್ಕಿಂತ ಕಡಿಮೆ ಮಾಡಿದರೆ ಸಿಹಿಯ ಜೊತೆ ಕೇಕಿನ ತೇವವೂ ಹೋಗುತ್ತದೆ. ಮೊಟ್ಟೆಯನ್ನು ಎಣಿಸಿ ಹಾಕಬೇಡಿ, ತೂಗಿ ಹಾಕಿ. ಅಂಗಡಿಯ ಮೊಟ್ಟೆಗಳ ಗಾತ್ರ ಒಂದೇ ಸಮ ಇರುವುದಿಲ್ಲವಾದ್ದರಿಂದ ಇಷ್ಟು ತೂಕಕ್ಕೆ ಒಮ್ಮೆ ಐದು ಬೇಕಾದರೆ ಇನ್ನೊಮ್ಮೆ ಆರು ಬೇಕಾಗುತ್ತದೆ. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಅಮುಲ್‌ನ 500 ಗ್ರಾಂ ಪ್ಯಾಕೆಟ್ ಒಂದನ್ನು ತಂದರೆ ಎರಡು ಕೇಕಿಗೆ ಸರಿಹೋಗುತ್ತದೆ. ಉಪ್ಪಿಲ್ಲದ್ದೇ ಬೇಕೆಂದರೆ ನಂದಿನಿಯದು ಸಿಗುತ್ತದೆ.

ಮೈದಾ ಸೇರಿಸುವಾಗ ಬೀಟರನ್ನು ಬದಿಗಿಟ್ಟು ಮರದ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಡಚುತ್ತ ಬೆರೆಸಿ. ಬಿಳಿ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ.

ಉತ್ತರ: ಕಾರ್ಕಳದ ಹಟ್ಟಿಯಿಂದ

ಕಡೆಗೋಲು ಹಿಡಿದ ಕೃಷ್ಣನ ಊರಿನವರು ಬೆಣ್ಣೆಯ ಬಗ್ಗೆ ಕೇಳಿದಾಗ ಉತ್ತರಿಸದೆ ಇರುವುದು ಹೇಗೆ! ಬೆಂದೂರಿನವರು ಪ್ಯಾಕೆಟ್ ಬೆಣ್ಣೆಯ ಬಗ್ಗೆ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅತ್ತೆಯವರು ಕಳುಹಿಸುವ ಬೆಣ್ಣೆಯನ್ನು ದೋಸೆಗೆ ಮೀಸಲಿಡಬೇಕಾಗಿಲ್ಲ. ಅದರ ಸ್ವಭಾವ ತಿಳಿದುಕೊಂಡರೆ ಕೇಕಿಗೆ ಅದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ.

ಕಾನೂನಿನ ಪ್ರಕಾರ ಪ್ಯಾಕೆಟ್ಟಿನ ಟೇಬಲ್ ಬೆಣ್ಣೆಯಲ್ಲಿ ಕನಿಷ್ಠ 80 ಶೇಕಡಾ ಹಾಲಿನ ಕೊಬ್ಬು ಇರಬೇಕು, ನೀರು 16 ಶೇಕಡಾ ಮೀರಬಾರದು. ಮನೆಯಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆಗೆ ಅಂತಹ ಲೆಕ್ಕವಿಲ್ಲ. ಅದರ ಹೊಟ್ಟೆಯಲ್ಲಿ ಎಷ್ಟು ಮಜ್ಜಿಗೆ ಉಳಿದಿದೆ ಎಂಬುದು ಕಡೆದವರ ಕೈಯನ್ನೂ ಆ ದಿನದ ಹವೆಯನ್ನೂ ಅವಲಂಬಿಸಿರುತ್ತದೆ. ಹಾಗಾಗಿ 250 ಗ್ರಾಂ ಎಂದು ತೂಗಿ ಹಾಕಿದರೂ ಕೊಬ್ಬು ಕಡಿಮೆಯಾಗಿ, ನೀರು ಹೆಚ್ಚಾಗಿ, ಕೇಕ್ ರಬ್ಬರಿನಂತಾಗುವ ಸಂಭವವಿದೆ.

ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಅತ್ತೆಯವರ ಬೆಣ್ಣೆಯಿಂದ 50 ಗ್ರಾಂ ತೆಗೆದು ಸಣ್ಣ ಉರಿಯಲ್ಲಿ ಕಾಯಿಸಿ ತುಪ್ಪ ಮಾಡಿ, ಸೋಸಿ, ತೂಗಿ. 40 ಗ್ರಾಂ ತುಪ್ಪ ಬಂದರೆ ಅದು ಪ್ಯಾಕೆಟ್ ಬೆಣ್ಣೆಗೆ ಸಮ, ಹಾಗೆಯೇ ಬಳಸಿ. 35 ಗ್ರಾಂ ಮಾತ್ರ ಬಂದರೆ ಕೊಬ್ಬು 70 ಶೇಕಡಾ ಎಂದಾಯಿತು. ಆಗ 250ರ ಬದಲು 285 ಗ್ರಾಂ ಬೆಣ್ಣೆ ಬೇಕಾಗುತ್ತದೆ, ಮತ್ತು ಹಿಟ್ಟು ಗಟ್ಟಿಯೆನಿಸಿದರೂ ಹಾಲು ಸೇರಿಸಬಾರದು. ಪರೀಕ್ಷೆಗೆ ಮಾಡಿದ ತುಪ್ಪವೇನೂ ವ್ಯರ್ಥವಾಗುವುದಿಲ್ಲ, ಕೇಕ್ ಟಿನ್ನಿಗೆ ಸವರಲು ಆಗುತ್ತದೆ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ತೊಳೆಯುವುದು. ತಣ್ಣನೆಯ ನೀರಿನಲ್ಲಿ ಬೆಣ್ಣೆಯುಂಡೆಯನ್ನು ಮುಳುಗಿಸಿ, ಅಂಗೈಯಿಂದ ಒತ್ತಿ ಮಡಚಿ, ನೀರು ಚೆಲ್ಲಿ, ಮತ್ತೆ ಹೊಸ ನೀರು ಹಾಕಿ. ನೀರು ತಿಳಿಯಾಗುವವರೆಗೂ ಹೀಗೆ ಮಾಡಿದರೆ ಉಳಿದ ಮಜ್ಜಿಗೆಯೂ ಹುಳಿಯೂ ಹೊರಟುಹೋಗುತ್ತವೆ. ಆಮೇಲೆ ಸ್ವಚ್ಛವಾದ ಮಲ್ ಬಟ್ಟೆಯಲ್ಲಿ ಒತ್ತಿ ನೀರನ್ನು ಹಿಂಡಿ, ಚಪ್ಪಟೆಯಾಗಿ ತಟ್ಟಿ, ಫ್ರಿಜ್‌ನಲ್ಲಿಡಿ. ಸ್ವಲ್ಪ ಹುಳಿಯ ಪರಿಮಳ ಉಳಿದರೆ ಅದರಿಂದ ಹಾನಿಯಿಲ್ಲ. ನನ್ನ ನಾಲಿಗೆಗಂತೂ ಅದೇ ರುಚಿ. ಆದರೆ ಹಲವು ದಿನಗಳ ಕೆನೆಯನ್ನು ಕೂಡಿಟ್ಟು ತೆಗೆದ ಬೆಣ್ಣೆಗೆ ಹಳಸಲು ವಾಸನೆ ಬಂದಿದ್ದರೆ ಅದನ್ನು ತುಪ್ಪಕ್ಕೆ ಬಿಡಿ, ಕೇಕಿಗೆ ತರಬೇಡಿ. ಓವನ್ನಿನಲ್ಲಿ ಆ ವಾಸನೆ ಅಡಗುವುದಿಲ್ಲ, ಇನ್ನಷ್ಟು ಎದ್ದು ಬರುತ್ತದೆ. ತಾಜಾ ಬೆಣ್ಣೆಯನ್ನೇ, ನಿಮ್ಮ ಕೆಲಸಕ್ಕೆ ಎರಡು ದಿನ ಮೊದಲು ತೆಗೆದದ್ದನ್ನೇ ಕಳುಹಿಸಲು ಅತ್ತೆಯವರಿಗೆ ಹೇಳಿ. ಹೆಬ್ರಿಯಿಂದ ಉಡುಪಿಗೆ ಬಸ್ಸಿನಲ್ಲಿ ಬರುವಾಗ ಸ್ಟೀಲ್ ಡಬ್ಬಿಯಲ್ಲಿ ತಣ್ಣೀರು ತುಂಬಿ ಅದರಲ್ಲಿ ಉಂಡೆಯನ್ನು ಮುಳುಗಿಸಿಟ್ಟರೆ ಕರಗುವ ಭಯವಿಲ್ಲ.

ಇನ್ನೊಂದು ಅನುಕೂಲ: ಈ ಬೆಣ್ಣೆಯಲ್ಲಿ ಉಪ್ಪಿಲ್ಲ. ಆದ್ದರಿಂದ ಒಂದು ದೊಡ್ಡ ಚಿಟಿಕೆ ಉಪ್ಪನ್ನು ನೀವೇ ಹಾಕಬೇಕು. ಉಪ್ಪಿಲ್ಲದ ಬೆಣ್ಣೆ ಕೇಕ್ ಎಷ್ಟು ಒಳ್ಳೆಯ ಬೆಣ್ಣೆಯದಾದರೂ ಸಪ್ಪೆ.

ಉತ್ತರ: ಮಣಿಪಾಲದ ಹಾಸ್ಟೆಲ್ ಓವನ್

ಅಕ್ಕ, ಇಷ್ಟೆಲ್ಲ ಐಸ್ ನೀರಿನ ಉಪಚಾರ ಏಕೆ ಎಂಬುದು ನನ್ನ ಪ್ರಶ್ನೆ. ಮೊಟ್ಟೆ ಮತ್ತು ಸಕ್ಕರೆಯನ್ನು ಬೀಟರಿನಲ್ಲಿ ಎಂಟು ಹತ್ತು ನಿಮಿಷ ನೊರೆಯೇಳುವಂತೆ ಬಡಿದು, ಮೈದಾ ಮಡಚಿ, ಕರಗಿಸಿ ಆರಿಸಿದ ಬೆಣ್ಣೆಯನ್ನು ಕೊನೆಯಲ್ಲಿ ಸುರಿದರೆ ಬೆಣ್ಣೆಯ ಹದದ ತಲೆನೋವೇ ಇರುವುದಿಲ್ಲ. ಗಾಳಿಯನ್ನು ಮೊಟ್ಟೆಯೇ ಹಿಡಿದಿಟ್ಟುಕೊಳ್ಳುತ್ತದೆ. ಸೆಕೆಯ ಊರಿಗೆ ಇದೇ ಸೂಕ್ತವಲ್ಲವೇ?

ಉತ್ತರ: ಬೆಂದೂರಿನ ಅಡುಗೆಮನೆ, ಮಂಗಳೂರು

ಮಣಿಪಾಲದವರು ಹೇಳಿದ ಕ್ರಮ ತಪ್ಪಲ್ಲ, ಆದರೆ ಅದರಿಂದ ಬರುವುದು ಬೇರೆ ಕೇಕ್. ಮೊಟ್ಟೆಯ ನೊರೆಯ ಮೇಲೆ ನಿಂತ ಕೇಕ್ ಹತ್ತಿಯಂತೆ ಹಗುರ. ಅಷ್ಟು ನೊರೆಗೆ 250 ಗ್ರಾಂ ಕರಗಿದ ಬೆಣ್ಣೆಯನ್ನು ಹೊರುವ ಶಕ್ತಿಯೂ ಇಲ್ಲ. ಸುರಿದ ಬೆಣ್ಣೆ ಬುಡಕ್ಕೆ ಇಳಿದು ಅಲ್ಲೇ ಕೂರುತ್ತದೆ. ಆ ಕ್ರಮದಲ್ಲಿ ಬೆಣ್ಣೆಯನ್ನು ಬಹಳ ಕಡಿಮೆ ಮಾಡಬೇಕಾಗುತ್ತದೆ. ನಿವೃತ್ತರಾಗುವ ಹಿರಿಯರು ಬಯಸುವುದು ಚಹಾದ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವ, ಕಚ್ಚಿದರೆ ಬಾಯಲ್ಲಿ ಕರಗುವ ತುಂಡನ್ನು. ಅದಕ್ಕೆ ಬೆಣ್ಣೆಯನ್ನೇ ಬಡಿಯಬೇಕು, ಬೇರೆ ದಾರಿ ನನಗೆ ಕಾಣುವುದಿಲ್ಲ. ಕಾರ್ಕಳದವರ ತುಪ್ಪದ ಪರೀಕ್ಷೆ ನನಗೆ ಹಿಡಿಸಿತು. ನಾನೂ ಇನ್ನು ಮುಂದೆ ಹಾಗೆಯೇ ಮಾಡುತ್ತೇನೆ.

ಉತ್ತರ: ರಥಬೀದಿಯ ಹಿಂದಿನ ಓಣಿ, ಉಡುಪಿ

ಮೊಟ್ಟೆ ತಿನ್ನದವರ ಪರವಾಗಿ ನಾನು ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅಂಥದ್ದೇ ಕೇಕ್ ಆಗುವುದು.

ಮೊದಲನೆಯದಾಗಿ, ಸಮತೂಕದ ಕೇಕಿನಿಂದ ಮೊಟ್ಟೆಯನ್ನು ತೆಗೆದು ಆ ಜಾಗಕ್ಕೆ ಮೊಸರನ್ನೋ ಬಾಳೆಹಣ್ಣನ್ನೋ ತುಂಬಿಸಲು ಹೋಗಬೇಡಿ. ಆ ಕೇಕಿನ ಕಾಲು ಭಾಗ ಮೊಟ್ಟೆಯೇ ಆಗಿರುವುದರಿಂದ, ಅದು ಹೋದ ಮೇಲೆ ಉಳಿಯುವ ಬೆಣ್ಣೆಯನ್ನು ಹಿಡಿದು ನಿಲ್ಲಿಸುವವರೇ ಇರುವುದಿಲ್ಲ. ಮೊಟ್ಟೆಯಿಲ್ಲದ ಕೇಕಿಗೆ ಅದರದ್ದೇ ಆದ ಲೆಕ್ಕವಿದೆ, ಮತ್ತು ಮಂದ ಹಾಲಿನ ಕ್ರಮವೇ ನನಗೆ ಅತ್ಯಂತ ನಂಬಿಕೆಯದು. ಕಂಡೆನ್ಸ್ಡ್ ಮಿಲ್ಕ್ 400 ಗ್ರಾಂ, ಬೆಣ್ಣೆ 115 ಗ್ರಾಂ, ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಸುಮಾರು 180 ಮಿಲಿಲೀಟರ್ ಹಾಲು, ಒಂದು ದೊಡ್ಡ ಚಮಚ ನಿಂಬೆರಸ. ಸಕ್ಕರೆ ಬೇಡ, ಹಾಲಿನ ಸಿಹಿಯೇ ಸಾಕಾಗುತ್ತದೆ. ಟಿನ್ನುಗಳ ತೂಕ ಎಲ್ಲವೂ ಒಂದೇ ಇರುವುದಿಲ್ಲವಾದ್ದರಿಂದ ಮೇಲಿನ ಬರಹವನ್ನು ಓದಿ ಅಥವಾ ತೂಗಿ ಹಾಕಿ.

ಈ ಕೇಕಿನಲ್ಲಿ ಸೆಕೆ ನಮಗೆ ಶತ್ರುವಲ್ಲ. ಇದು ಉಬ್ಬುವುದು ಸೋಡಾ ಮತ್ತು ಹುಳಿಯ ಬಲದಿಂದ, ಬೆಣ್ಣೆಯೊಳಗಿನ ಗಾಳಿಯಿಂದಲ್ಲ. ಆದ್ದರಿಂದ ಬೆಣ್ಣೆ ಕರಗಿದ್ದರೂ ಅಡ್ಡಿಯಿಲ್ಲ. ಬೆಣ್ಣೆ ಮತ್ತು ಕಂಡೆನ್ಸ್ಡ್ ಮಿಲ್ಕನ್ನು ಚೆನ್ನಾಗಿ ಬೆರೆಸಿ, ಜರಡಿ ಹಿಡಿದ ಮೈದಾವನ್ನೂ ಹಾಲನ್ನೂ ಒಂದಾದ ಮೇಲೊಂದು ಸೇರಿಸಿ, ಎಲ್ಲಕ್ಕಿಂತ ಕೊನೆಯಲ್ಲಿ ನಿಂಬೆರಸ ಹಾಕಿ. ನಿಂಬೆರಸ ಬಿದ್ದ ಕ್ಷಣದಿಂದ ಗುಳ್ಳೆಯೇಳಲು ಶುರುವಾಗುತ್ತದೆ. ಟಿನ್ನಿಗೆ ಸುರಿದು ತಕ್ಷಣ ಓವನ್ನಿಗೆ ಸೇರಿಸಬೇಕು. ಓವನ್ ಕಾಯುವ ಮೊದಲು ನಿಂಬೆರಸವನ್ನು ಮುಟ್ಟಲೇಬೇಡಿ. ಪರಿಮಳಕ್ಕೆ ವೆನಿಲ್ಲಾದ ಬದಲು ಏಲಕ್ಕಿ ಹಾಕಿದರೆ ಮಂದ ಹಾಲಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ವಿಷಯ ಅಡುಗೆಗಿಂತ ಮರ್ಯಾದೆಗೆ ಸಂಬಂಧಿಸಿದ್ದು. ಮೊಟ್ಟೆ ತಿನ್ನದವರಲ್ಲಿ ಕೆಲವರಿಗೆ ಕೇಕಿನಲ್ಲಿ ಮೊಟ್ಟೆ ಇಲ್ಲದಿದ್ದರೆ ಸಾಕು. ಕೆಲವರಿಗೆ ಅದೇ ಬೀಟರ್, ಅದೇ ಟಿನ್, ಅದೇ ಚಾಕು ಆಗುವುದಿಲ್ಲ. ಅವರು ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ಮನೆ ಒಂದು ತುಂಡು ತೆಗೆದುಕೊಂಡು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆದ್ದರಿಂದ ಮೊಟ್ಟೆಯಿಲ್ಲದ ಕೇಕನ್ನು ಮೊದಲು ಮಾಡಿ ಮುಗಿಸಿ, ಆಮೇಲೆ ಮೊಟ್ಟೆಯ ಡಬ್ಬಿಯನ್ನು ತೆರೆಯಿರಿ. ಅದನ್ನು ಮನೆಯಲ್ಲೇ ಕತ್ತರಿಸಿ, ಬೇರೆ ಬಣ್ಣದ ಮುಚ್ಚಳವಿರುವ ಡಬ್ಬಿಯಲ್ಲಿ ಇಟ್ಟು, ಮೇಲೆ ಚೀಟಿ ಅಂಟಿಸಿ. ಹಂಚುವಾಗ ಆ ಡಬ್ಬಿಯೇ ಮೊದಲು ಹೊರಡಲಿ; ಉಳಿದವರೂ ಅದಕ್ಕೆ ಕೈಹಾಕುವುದು ಖಂಡಿತವಾದ್ದರಿಂದ ಎಂಟು ಜನರಿಗೆ ಎಂಟೇ ತುಂಡು ಎಂದು ಲೆಕ್ಕ ಹಾಕಬೇಡಿ.

ಅಂಬಲಪಾಡಿಯ ಗೃಹಿಣಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತುಪ್ಪದ ಪರೀಕ್ಷೆಯನ್ನು ಅತ್ತೆಯವರಿಗೆ ಫೋನಿನಲ್ಲಿ ಹೇಳಿದೆ. ತಮ್ಮ ಬೆಣ್ಣೆಯನ್ನು ಸೊಸೆ ತೂಗಿ ನೋಡುತ್ತಾಳೆಂದು ಮೊದಲು ಸ್ವಲ್ಪ ಬೇಸರಿಸಿಕೊಂಡರೂ ಆಮೇಲೆ ಒಪ್ಪಿದರು.

ಇನ್ನು ಉಳಿದಿರುವುದು ಓವನ್ನಿನ ಪ್ರಶ್ನೆ. ನನ್ನಲ್ಲಿರುವುದು 28 ಲೀಟರಿನ ಸಾಮಾನ್ಯ ಓಟಿಜಿ. ಎಂಟು ಇಂಚಿನ ಚೌಕ ಟಿನ್ ಒಂದೇ ಹಿಡಿಯುತ್ತದೆ. ಮೇ ಕೊನೆಯ ವಾರವೆಂದರೆ ಸಂಜೆ ಗುಡುಗು, ಕರೆಂಟ್ ಹೋಗುವುದು ಎಲ್ಲ ಇದ್ದದ್ದೇ. ಎಲ್ಲ ಕೇಕನ್ನೂ ಒಂದೇ ದಿನ ಮಾಡಬೇಕೇ? ಎಷ್ಟು ಮೊದಲು ಮಾಡಿಟ್ಟರೆ ಕೆಡುವುದಿಲ್ಲ?

ಉತ್ತರ: ಬೆಂದೂರಿನ ಅಡುಗೆಮನೆ, ಮಂಗಳೂರು

ಹಂಚುವ ದಿನಕ್ಕಿಂತ ಒಂದು ದಿನ ಮೊದಲು, ಬೆಳಗ್ಗೆ ಐದೂವರೆಗೆ ಆರಂಭಿಸಿ. ಬೆಣ್ಣೆಗೂ ಆ ಹೊತ್ತಿನ ತಂಪು ಬೇಕು. ಗುಡುಗು ಬರುವುದರೊಳಗೆ ಕೆಲಸವೂ ಮುಗಿಯುತ್ತದೆ. ಬೆಣ್ಣೆ ಕೇಕ್ ಮಾಡಿದ ದಿನಕ್ಕಿಂತ ಮರುದಿನವೇ ರುಚಿ. ತೇವ ಎಲ್ಲ ಕಡೆಗೂ ಸಮನಾಗಿ ಹರಡಿಕೊಳ್ಳುತ್ತದೆ, ಬೆಣ್ಣೆಯ ಪರಿಮಳ ಕೂಡಿಕೊಳ್ಳುತ್ತದೆ, ಕತ್ತರಿಸಿದರೆ ಪುಡಿಯೂ ಉದುರುವುದಿಲ್ಲ.

ಎಂಟು ಇಂಚಿನ ಚೌಕ ಟಿನ್ನಿಗೆ ನಾನು ಹೇಳಿದ ಅಳತೆ ಸರಿಯಾಗುತ್ತದೆ. ಒಂದು ಬದಿಗೆ ಐದು, ಇನ್ನೊಂದು ಬದಿಗೆ ನಾಲ್ಕು ಎಂದು ಕತ್ತರಿಸಿದರೆ ಇಪ್ಪತ್ತು ತುಂಡು. ಒಂದೊಂದೂ ಸುಮಾರು 45 ಗ್ರಾಂ. ಇಷ್ಟು ಬೆಣ್ಣೆಯಿರುವ ಕೇಕಿಗೆ ಅದು ಧಾರಾಳವಾದ ತುಂಡು. ಮೊಟ್ಟೆಯ ಕೇಕ್ ಎರಡು, ಮೊಟ್ಟೆಯಿಲ್ಲದ್ದು ಒಂದು ಮಾಡಿದರೆ ಕಾವಲಿನವರಿಗೂ ಚಾಲಕರಿಗೂ ಆಗಿ ಮಿಗುತ್ತದೆ. ಎರಡು ಕೇಕಿನ ಹಿಟ್ಟನ್ನು ಒಟ್ಟಿಗೆ ಕಲಸಿಡುವ ಆಸೆ ಬೇಡ. ಮೊದಲನೆಯದು ಬೇಯುವ ಮುಕ್ಕಾಲು ಗಂಟೆಯಲ್ಲಿ ಎರಡನೆಯ ಹಿಟ್ಟು ಸೆಕೆಗೆ ಸಡಿಲವಾಗಿ ಗಾಳಿ ಕಳೆದುಕೊಳ್ಳುತ್ತದೆ. ಒಂದು ಓವನ್ನಿನಲ್ಲಿರುವಾಗ ಇನ್ನೊಂದರ ಬೆಣ್ಣೆ ಫ್ರಿಜ್‌ನಲ್ಲೇ ಇರಲಿ. ಮೊದಲನೆಯದು ಹೊರಗೆ ಬರಲು ಅರ್ಧ ಗಂಟೆ ಇರುವಾಗ ಕೆಲಸ ಶುರುಮಾಡಿ.

ಓಟಿಜಿಯ ಮೇಲಿನ ಮತ್ತು ಕೆಳಗಿನ ರಾಡ್ ಎರಡನ್ನೂ ಹಾಕಿ, 160 ಡಿಗ್ರಿಗೆ ಕಾಲು ಗಂಟೆ ಕಾಯಿಸಿ. ಟಿನ್ ಮಧ್ಯದ ತಟ್ಟಿನಲ್ಲಿರಲಿ. ಬೇಕರಿಯಂತೆ ಮೇಲ್ಭಾಗ ಬೇಗ ಕೆಂಪಾಗಲೆಂದು 180ಕ್ಕೆ ಏರಿಸಿದರೆ ಹೊರಗೆ ತೊಗಟೆ ಕಟ್ಟಿ, ನಡುವೆ ಹಸಿ ಉಳಿದು, ಕೇಕ್ ಬೆಟ್ಟದಂತೆ ಉಬ್ಬಿ ಬಿರಿಯುತ್ತದೆ. 45ರಿಂದ 55 ನಿಮಿಷ ಬೇಕಾಗುತ್ತದೆ. ಸಣ್ಣ ಓವನ್ನಿನಲ್ಲಿ ಮೇಲಿನ ರಾಡ್ ಹತ್ತಿರವಿರುವುದರಿಂದ, ಅರ್ಧ ಗಂಟೆ ಕಳೆದು ಬಣ್ಣ ಬಂದ ಮೇಲೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ. ತೆಂಗಿನ ಗರಿಯಿಂದ ತೆಗೆದ ಶುದ್ಧ ಕಡ್ಡಿಯನ್ನು ನಡುವೆ ಚುಚ್ಚಿದಾಗ ಹಿಟ್ಟು ಅಂಟದೆ ಬರಬೇಕು. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಅರ್ಧ ಬೆಂದ ಮೇಲೆ ಹೋಗಿ ಐದು ಹತ್ತು ನಿಮಿಷದಲ್ಲಿ ಬಂದರೆ ಕೇಕ್ ಉಳಿದುಕೊಳ್ಳುತ್ತದೆ. ಮೊದಲ ಹದಿನೈದು ನಿಮಿಷದಲ್ಲೇ ಹೋಗಿ ತುಂಬ ಹೊತ್ತು ಬಾರದಿದ್ದರೆ ಅದನ್ನು ಮನೆಯವರಿಗೆ ಕೊಟ್ಟು ಹೊಸದು ಮಾಡುವುದೇ ಲೇಸು.

ಹೊರಗೆ ತೆಗೆದು ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು, ಆಮೇಲೆ ಜಾಲರಿಯ ಮೇಲೆ ಪೂರ್ತಿ ಆರಲು ಬಿಡಿ. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಒಳಗೆ ಬೆವರಿ, ನಮ್ಮ ಹವೆಗೆ ಬೂಸ್ಟು ಹಿಡಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆರಿದ ಕೇಕನ್ನು ಕತ್ತರಿಸದೆ ಇಡಿಯಾಗಿ ಬಟರ್ ಪೇಪರಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮೇ ತಿಂಗಳಲ್ಲಿ ಎರಡು ದಿನಕ್ಕೆ ಮೋಸವಿಲ್ಲ. ಫ್ರಿಜ್ ಬೇಡ. ಬೆಣ್ಣೆ ಗಟ್ಟಿಯಾಗಿ ಕೇಕ್ ಒಣಕಲೆನಿಸುತ್ತದೆ, ತಂಗಳುತನವೂ ಬೇಗ ಬರುತ್ತದೆ.

ಉತ್ತರ: ಸುರತ್ಕಲ್ ತೀರದಿಂದ

ಎಲ್ಲರೂ ಎಲ್ಲವನ್ನೂ ಹೇಳಿದ್ದಾರೆ, ಇರುವೆಯ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ರಾತ್ರಿಯಿಡೀ ಕೇಕ್ ಹೊರಗಿರುವುದಾದರೆ ಡಬ್ಬಿಯನ್ನು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬಟ್ಟಲು ಬೋರಲಿಟ್ಟು ಮೇಲಿರಿಸಬೇಕು. ಮಳೆಗೆ ಮುಂಚಿನ ದಿನಗಳಲ್ಲಿ ಇರುವೆಗಳು ಎಲ್ಲಿಂದ ಬರುತ್ತವೆಂದೇ ತಿಳಿಯುವುದಿಲ್ಲ, ಬೆಣ್ಣೆಯ ವಾಸನೆಗಂತೂ ಸಾಲುಗಟ್ಟುತ್ತವೆ. ಮರುದಿನ ಬೆಳಗ್ಗೆ ಕತ್ತರಿಸುವಾಗ ಹಲ್ಲಿರುವ ಬ್ರೆಡ್ ಚಾಕುವನ್ನು ಬಳಸಿ, ಪ್ರತಿ ಸಲವೂ ಒರೆಸಿಕೊಳ್ಳಿ. ಕಚೇರಿಗೆ ಸ್ಕೂಟರಿನಲ್ಲಿ ಒಯ್ಯುವುದಾದರೆ ಡಬ್ಬಿಯನ್ನು ಸೀಟಿನ ಕೆಳಗೆ ಇಡಬೇಡಿ, ಅಲ್ಲಿ ಇಂಜಿನ್ನಿನ ಬಿಸಿ ತಾಗುತ್ತದೆ. ಕಾಲಿನ ಬಳಿ ಇಟ್ಟುಕೊಳ್ಳಿ.